ಫೈಬ್ರೋಸಿಸ್‌ಗೆ ಪ್ರತಿಕಾಯ ಔಷಧಿ: ಟಿಜಿಎಫ್-ಬೀಟಾವನ್ನು ಎಲ್ಲಿ ಹಿಡಿಯಬೇಕು?

ಬಾಗಲಕೋಟೆಯ ನಮ್ಮ ಓದಿನ ಗುಂಪಿಗಾಗಿ ಬರೆದ ಟಿಪ್ಪಣಿ ಇದು. ಪ್ರತಿಕಾಯ ಎಂದರೆ ನಿರ್ದಿಷ್ಟ ಗುರಿಗೆ ಅಂಟುವ ಪ್ರೋಟೀನ್. ಅದರ ಸಾಮಾನ್ಯ ಬಗೆಯಾದ ಐಜಿಜಿಯ ರಚನೆ, ಅದನ್ನು ತಯಾರಿಸುವ ಹೈಬ್ರಿಡೋಮಾ ವಿಧಾನ ಗುಂಪಿನ ಎಲ್ಲರಿಗೂ ಬರುತ್ತದೆ, ಬಿಟ್ಟಿದ್ದೇನೆ.

ಗಾಯ ಮಾಯಿಸುವ ಕೆಲಸ ಮುಗಿದ ಮೇಲೂ ನಿಲ್ಲದಿದ್ದರೆ ಅದು ಫೈಬ್ರೋಸಿಸ್. ಅಂಗಾಂಶ ಕಟ್ಟುವ ಫೈಬ್ರೋಬ್ಲಾಸ್ಟ್ ಕೋಶಗಳು ಮಯೋಫೈಬ್ರೋಬ್ಲಾಸ್ಟ್ ಎಂಬ ಚುರುಕು ರೂಪಕ್ಕೆ ಬದಲಾಗಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಸುರಿಯುತ್ತವೆ, ಅಂಗ ಬಿರುಸಾಗುತ್ತದೆ. ಇಳಕಲ್ಲಿನ ಕಡೆಯವರಿಗೆ ಸಿಲಿಕೋಸಿಸ್ ಹೊಸದಲ್ಲ. ಗ್ರಾನೈಟ್ ಕೊಯ್ಯುವಾಗ ಏಳುವ ಸಿಲಿಕಾ ಧೂಳಿನಿಂದ ಬರುವ ಅದೂ ಇದೇ ಜಾತಿಯ ರೋಗ. ಕಾರಣ ತಿಳಿಯದೆ ಶ್ವಾಸಕೋಶಕ್ಕೆ ಬರುವುದು ಐಪಿಎಫ್. ಕೆಳಗೆ ಹೇಳುವ ಪ್ರಯೋಗಗಳು ಹೆಚ್ಚಾಗಿ ಅದರ ಮೇಲೆ ನಡೆದವು. ಅದಕ್ಕೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡೂ ನುಂಗುವ ಔಷಧಿಗಳು, ಪ್ರತಿಕಾಯಗಳಲ್ಲ. ಅವು ಶ್ವಾಸಕೋಶ ಕುಂದುವ ವೇಗವನ್ನು ತಗ್ಗಿಸುತ್ತವೆ, ಆಗಿಹೋದ ಕಲೆಯನ್ನು ಅಳಿಸುವುದಿಲ್ಲ.

ನಾನು ಬಹಳ ಹೊತ್ತು ನಿಂತದ್ದು ಮುಂದಿನ ಜಾಗದಲ್ಲಿ. ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಬಳಸುವ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಫೈಬ್ರೋಸಿಸ್ ನಡೆಸುವ ಮುಖ್ಯ ಸಂಕೇತ ಎಂದು ಪುಸ್ತಕ ಹೇಳುತ್ತದೆ. ಆದರೆ ಆರೋಗ್ಯವಂತರ ಅಂಗಾಂಶದಲ್ಲೂ ಅದು ಧಾರಾಳವಾಗಿದೆ. ಹಾಗಿದ್ದರೆ ಎಲ್ಲರಿಗೂ ರೋಗ ಏಕಿಲ್ಲ?

ಏಕೆಂದರೆ ಅದು ಮುಚ್ಚಿಟ್ಟ ಸ್ಥಿತಿಯಲ್ಲಿರುತ್ತದೆ. ಕೋಶ ಅದನ್ನು ಒಂದೇ ಉದ್ದ ಸರಪಳಿಯಾಗಿ ತಯಾರಿಸುತ್ತದೆ. ಫ್ಯೂರಿನ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಕತ್ತರಿಸಿದ ಮೇಲೂ ಮುಂಭಾಗದ ತುಂಡು, ಅಂದರೆ ಎಲ್‌ಎಪಿ, ಬಿಟ್ಟುಹೋಗುವುದಿಲ್ಲ. ಸಕ್ರಿಯ ಭಾಗದ ಸುತ್ತ ಹೊದಿಕೆಯಾಗಿ ಕೂತಿರುತ್ತದೆ. ಹೊದಿಕೆ ಇರುವ ತನಕ, ಕೋಶದ ಮೇಲೆ ಸಂಕೇತ ಪಡೆಯುವ ಗ್ರಾಹಕಕ್ಕೆ ಅಂಟಲಾಗದು. ಎಲ್‌ಟಿಬಿಪಿ ಎಂಬ ಪ್ರೋಟೀನ್ ಈ ಇಡೀ ಗಂಟನ್ನು ಕೋಶದ ಹೊರಗಿನ ಜಾಲಕ್ಕೆ ಬಿಗಿಯುತ್ತದೆ. ನಮ್ಮ ಭಾಗದಲ್ಲಿ ಹಿಂದೆ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೆ. ಒಳಗೆ ಎಷ್ಟು ಚೀಲ ಇದೆ ಎಂಬುದರಿಂದ ಇವತ್ತು ಎಷ್ಟು ರೊಟ್ಟಿ ಬಡಿದರು ಎಂದು ತಿಳಿಯುವುದಿಲ್ಲ. ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಎಲೈಸಾ ಪರೀಕ್ಷೆ ಮಾಡುವಾಗ ಮಾದರಿಗೆ ಮೊದಲು ಆಮ್ಲ ಹಾಕುತ್ತೇವೆ, ಆಗ ಎಲ್ಲ ಹೊದಿಕೆಗಳೂ ಬಿಚ್ಚುತ್ತವೆ. ಬರುವ ಅಂಕಿ ಒಟ್ಟು ಸಂಗ್ರಹದ್ದು, ರೋಗ ನಡೆಸುತ್ತಿರುವ ಪಾಲಿನದ್ದಲ್ಲ.

ದೇಹದೊಳಗೆ ಹೊದಿಕೆ ಬಿಚ್ಚುವುದು ಹೇಗೆ? ಅಂಗದ ಒಳಮೈ ಹೊದೆಯುವ ಎಪಿಥೀಲಿಯಲ್ ಕೋಶದ ಮೇಲಿನ ಆಲ್ಫಾ-ವಿ ಬೀಟಾ-6 ಇಂಟೆಗ್ರಿನ್ ಎಂಬ ಹಿಡಿತದ ಪ್ರೋಟೀನ್, ಎಲ್‌ಎಪಿಯಲ್ಲಿರುವ ಆರ್‌ಜಿಡಿ ಎಂಬ ಮೂರು ಅಮೈನೋ ಆಮ್ಲಗಳ ಜಾಗವನ್ನು ಹಿಡಿಯುತ್ತದೆ. ಆಮೇಲೆ ಕೋಶ ಒಳಗಿನಿಂದ ಜಗ್ಗುತ್ತದೆ. ಇನ್ನೊಂದು ತುದಿ ಜಾಲಕ್ಕೆ ಬಿಗಿದಿರುವುದರಿಂದಲೇ ಈ ಜಗ್ಗಾಟಕ್ಕೆ ಬಲ ಬರುತ್ತದೆ. ಜಾಲ ಸಡಿಲವಿದ್ದರೆ ಗಂಟು ಪೂರ್ತಿಯಾಗಿ ಜೊತೆಗೇ ಬರುತ್ತದೆ, ಬಿಚ್ಚುವುದಿಲ್ಲ. ಅಂಗಾಂಶ ಬಿರುಸಾದಷ್ಟೂ ಬಿಚ್ಚುವುದು ಸುಲಭ. ಬಿಚ್ಚಿದರೆ ಇನ್ನಷ್ಟು ಕೊಲಾಜನ್, ಇನ್ನಷ್ಟು ಬಿರುಸು. ರೋಗ ತನ್ನನ್ನು ತಾನೇ ಬೆಳೆಸಿಕೊಳ್ಳುವುದು ಹೀಗೆ. ಇದು ಅರ್ಥವಾದರೆ ಔಷಧಿಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪ್ರತಿ ಪ್ರತಿಕಾಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಬಿಚ್ಚುವ ಮೊದಲು ಹಿಡಿಯುತ್ತದೋ, ಬಿಚ್ಚಿದ ಮೇಲೋ?

ಬಿಚ್ಚಿದ ಮೇಲೆ ಹಿಡಿಯುವುದು ಫ್ರೆಸೋಲಿಮುಮ್ಯಾಬ್. ಬೀಟಾ-1, 2, 3 ಎಂಬ ಮೂರೂ ಬಗೆಯ ಟಿಜಿಎಫ್-ಬೀಟಾಗಳನ್ನು ಹಿಡಿಯುತ್ತದೆ. ಚರ್ಮ, ಒಳಾಂಗಗಳು ಬಿರುಸಾಗುವ ಸಿಸ್ಟೆಮಿಕ್ ಸ್ಕ್ಲಿರೋಸಿಸ್ ಇದ್ದ ಸಣ್ಣ ಗುಂಪಿನಲ್ಲಿ ಚರ್ಮ ಮೆತ್ತಗಾಯಿತು, ಆದರೆ ರಕ್ತಸ್ರಾವ, ಚರ್ಮದ ಗಡ್ಡೆಗಳೂ ಕಂಡವು. ಎಲ್ಲೆಡೆ ತಡೆದರೆ ಬೆಲೆ ತೆರಬೇಕು: ಟಿಜಿಎಫ್-ಬೀಟಾ-1 ಜೀನ್ ಇಲ್ಲದ ಇಲಿಮರಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಉರಿಯೂತದಿಂದ ಸಾಯುತ್ತವೆ.

ಬಿಚ್ಚುವ ಕೈಯನ್ನೇ ಹಿಡಿಯುವುದು ಬಿಜಿ00011, ಬೀಟಾ-6 ಇಂಟೆಗ್ರಿನ್ ವಿರುದ್ಧದ ಪ್ರತಿಕಾಯ. ತರ್ಕ ಚೆಂದವಿತ್ತು. ಆದರೂ ಐಪಿಎಫ್‌ನ ಎರಡನೇ ಹಂತದ ಪ್ರಯೋಗವನ್ನು ಸುರಕ್ಷತೆಯ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಿದರು. ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ.

ಹೊದಿಕೆಯನ್ನೇ ಹಿಡಿಯುವುದು ಮೂರನೆಯ ದಾರಿ, ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಮೂರು ಬಗೆಗಳ ಸಕ್ರಿಯ ಭಾಗಗಳು ಬಹುಪಾಲು ಒಂದೇ ತರಹ, ಹೊದಿಕೆಗಳು ಅಷ್ಟಿಲ್ಲ. ಆದ್ದರಿಂದ ಹೊದಿಕೆಗೆ ಅಂಟುವ ಪ್ರತಿಕಾಯ ಬೀಟಾ-1 ಒಂದನ್ನೇ ಆರಿಸಿ ಮುಚ್ಚಿಡಬಲ್ಲದು. ಲಿನಾವೊಂಕಿಬಾರ್ಟ್ ಇದೇ ತತ್ವದ್ದು. ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದು ಕ್ಯಾನ್ಸರಿನಲ್ಲಿ.

ಉಳಿದವು ಚುಟುಕಾಗಿ. ಫೈಬ್ರೋಸಿಸ್ ಬೆಳೆಸುವ ಸಿಟಿಜಿಎಫ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುವ ಪ್ಯಾಮ್ರೆವ್ಲುಮ್ಯಾಬ್ ಎರಡನೇ ಹಂತದಲ್ಲಿ ಗೆದ್ದು, 2023ರಲ್ಲಿ ಮೂರನೇ ಹಂತದಲ್ಲಿ ಸೋತಿತು. ಕೊಲಾಜನ್ ಎಳೆಗಳನ್ನು ಹೆಣೆಯುವ ಎಲ್‌ಒಎಕ್ಸ್‌ಎಲ್2 ಕಿಣ್ವದ ವಿರುದ್ಧದ ಸಿಮ್ಟುಜುಮ್ಯಾಬ್, ಐಎಲ್-13 ಎಂಬ ಉರಿಯೂತದ ಸಂಕೇತದ ವಿರುದ್ಧದ ಟ್ರಾಲೋಕಿನುಮ್ಯಾಬ್ ಕೂಡ ಐಪಿಎಫ್‌ನಲ್ಲಿ ಫಲಿಸಲಿಲ್ಲ. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲಲು ಒಂದು ಕಾರಣ, ಬ್ಲಿಯೋಮೈಸಿನ್ ಎಂಬ ಔಷಧಿ ಕೊಟ್ಟು ಇಲಿಗೆ ಫೈಬ್ರೋಸಿಸ್ ಬರಿಸುವ ಮಾದರಿ: ಒಂದೇ ಡೋಸ್ ಕೊಟ್ಟ ಇಲಿಯ ಶ್ವಾಸಕೋಶ ವಾರಗಳು ಕಳೆದಂತೆ ತಾನಾಗಿಯೇ ಚೇತರಿಸಿಕೊಳ್ಳತೊಡಗುತ್ತದೆ, ರೋಗಿಯದ್ದು ಹಾಗಲ್ಲ.

ಡೋಸ್ ಬಗ್ಗೆ ಕೇಳಿದರೆ ಇದನ್ನು ಬರೆಯಿರಿ: ಐಜಿಜಿ ಪ್ರತಿಕಾಯದ ಅರ್ಧಾಯುಷ್ಯ ಸುಮಾರು 3 ವಾರ. ಪದೇ ಪದೇ ಚುಚ್ಚಿಸಿಕೊಳ್ಳಬೇಕಿಲ್ಲ ಎನ್ನುವುದು ರೋಗಿಗೆ ಅನುಕೂಲವೇ. ಆದರೆ ಅಡ್ಡಪರಿಣಾಮ ಕಂಡು ಔಷಧಿ ನಿಲ್ಲಿಸಿದರೂ 3 ವಾರದ ನಂತರ ಅರ್ಧ ಇನ್ನೂ ರಕ್ತದಲ್ಲೇ ಇರುತ್ತದೆ.