ಎಳೆಬಿಸಿಲಿಗೆ ಒಡೆಯದ ಕಾಯಿ

ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಬೆಳಗ್ಗೆ ಏಳಕ್ಕೆ ನಾಲ್ಕೈದು ಹಿರಿಯರು ಪೂರ್ವಕ್ಕೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೈಗೆ ಸ್ವೆಟರ್, ತಲೆಗೆ ಮಫ್ಲರ್. ‘ಏನ್ ಸಾರ್, ಇಷ್ಟು ಬೇಗ?’ ಎಂದರೆ, ‘ವಿಟಮಿನ್ ಡಿ ಕಣಪ್ಪಾ, ಎಳೆಬಿಸಿಲಲ್ಲೇ ಅದು ಸಿಗೋದು’ ಅನ್ನುತ್ತಾರೆ. ಅವರ ಬೆನ್ನ ಹಿಂದಿನ ನೆರಳು ನೀರಿನ ಟ್ಯಾಂಕಿನವರೆಗೂ ಚಾಚಿರುತ್ತದೆ. ಅದನ್ನೊಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು, ಕೂತದ್ದು ದಂಡ ಎಂದು ಗೊತ್ತಾಗುತ್ತಿತ್ತು.

ಚರ್ಮದಲ್ಲಿ ಕೊಲೆಸ್ಟರಾಲಿನ ಹತ್ತಿರದ ಸಂಬಂಧಿಯೊಂದಿದೆ. ಹೆಸರು 7-ಡಿಹೈಡ್ರೊಕೊಲೆಸ್ಟರಾಲ್. ನಾಲ್ಕು ಬಳೆಗಳನ್ನು ಅಂಟಿಸಿಟ್ಟಂಥ ಅಣು. ವಿಟಮಿನ್ ಡಿ ಆಗಬೇಕಾದರೆ ಇದರ ಎರಡನೇ ಬಳೆ ಒಡೆಯಲೇಬೇಕು. ಒಡೆಯುವ ತಾಕತ್ತಿರುವುದು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಕಿರಣಕ್ಕೆ ಮಾತ್ರ, ಅಂದರೆ ಯುವಿಬಿಗೆ. ದೇವಸ್ಥಾನದಲ್ಲಿ ಈಡುಗಾಯಿ ಒಡೆಯುವುದನ್ನು ನೆನೆಯಿರಿ. ಬೆಳಗಿಂದ ಸಂಜೆತನಕ ಬೆರಳಲ್ಲಿ ತಟ್ಟುತ್ತಾ ಕೂತರೆ ಕಾಯಿ ಒಡೆದೀತೆ? ಒಂದೇ ಏಟು, ಆದರೆ ಬಿಗಿಯಾದ ಏಟು ಬೇಕು. ಎಳೆಬಿಸಿಲಿನ ಹೊಂಬಣ್ಣದ ಬೆಳಕು ಬರೀ ಬೆರಳ ತಟ್ಟು. ಒಡೆದ ಮೇಲಿನದು ಮೊಸರು ಹೆಪ್ಪಾಗುವ ಕೆಲಸ: ಮೈಯ ಹದ ಬಿಸಿಯಲ್ಲಿ ಅಣು ನಿಧಾನವಾಗಿ ಮಗ್ಗುಲು ಬದಲಿಸಿ ವಿಟಮಿನ್ ಡಿ3 ಆಗುತ್ತದೆ. ಅದಕ್ಕೆ ಬೆಳಕೂ ಬೇಡ, ನಮ್ಮ ಅಪ್ಪಣೆಯೂ ಬೇಡ.

ಬೆಳಗ್ಗೆ ಆ ಏಟು ಎಲ್ಲಿ ಹೋಗುತ್ತದೆ? ಸೂರ್ಯ ಕ್ಷಿತಿಜದಿಂದ ಹತ್ತು ಡಿಗ್ರಿ ಮೇಲಿದ್ದಾಗ ಕಿರಣ ಓರೆಯಾಗಿ ಬರುತ್ತದೆ. ನೆತ್ತಿಯ ಮೇಲಿಂದ ಬರುವಾಗ ದಾಟುವ ಗಾಳಿಯ ಐದು ಪಟ್ಟಿಗೂ ಹೆಚ್ಚನ್ನು ಅದು ದಾಟಬೇಕು. ಯುವಿಬಿಯನ್ನು ದಾರಿಯಲ್ಲೇ ಓಝೋನ್ ನುಂಗಿಬಿಡುತ್ತದೆ. ಆಗ ನಿಮ್ಮ ನೆರಳೂ ನಿಮ್ಮ ಐದು ಪಟ್ಟಿಗಿಂತ ಉದ್ದ. ನೆರಳು ನಿಮಗಿಂತ ಗಿಡ್ಡವಾಯಿತೋ, ಸೂರ್ಯ 45 ಡಿಗ್ರಿ ದಾಟಿದ ಎಂದರ್ಥ; ಬೆಂಗಳೂರಿನಲ್ಲಿ ಅದು ಒಂಬತ್ತೂವರೆ-ಹತ್ತರ ಮೇಲೆ. ಗಡಿಯಾರಕ್ಕಿಂತ ನೆರಳನ್ನೇ ನಂಬಿ. ಗಾಜಿನ ಕಿಟಕಿಯ ಹಿಂದೆ ಕೂತವರಿಗೆ ನಡುಮಧ್ಯಾಹ್ನವೂ ಸೊನ್ನೆ, ಗಾಜು ಯುವಿಬಿಯನ್ನು ತಡೆಯುತ್ತದೆ. ಕಂದು ಚರ್ಮದ ನಮಗೆ ಬಿಳಿಯರಿಗಿಂತ ಹೆಚ್ಚು ಹೊತ್ತೂ ಬೇಕು.

ಹಾಗಾದರೆ ಕೂಸನ್ನು ಎಳೆಬಿಸಿಲಿಗೆ ಹಿಡಿಯುವುದು? ಅದರ ಲೆಕ್ಕವೇ ಬೇರೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಅಂಗಳಕ್ಕೆ ತರುತ್ತಿದ್ದ ದಾದಿಯೊಬ್ಬರು, ಬಿಸಿಲು ಬಿದ್ದ ಚರ್ಮದಲ್ಲಿ ಕಾಮಾಲೆಯ ಹಳದಿ ಮಾಸಿದ್ದನ್ನು ಗಮನಿಸಿದರು. ಅಲ್ಲಿ ಕೆಲಸ ಮಾಡುವುದು ನೀಲಿ ಬೆಳಕು, ಯುವಿಬಿ ಅಲ್ಲ. ಹಾಗೆಂದು ಎಳೆಗೂಸನ್ನು ಮಟಮಟ ಮಧ್ಯಾಹ್ನ ಹೊರಗೆ ಮಲಗಿಸಬೇಡಿ ಮತ್ತೆ! ಅದಕ್ಕೆ ಮಕ್ಕಳ ಡಾಕ್ಟರು ಬರೆಯುವ ದಿನಕ್ಕೆ 400 ಯೂನಿಟ್ಟಿನ ವಿಟಮಿನ್ ಡಿ ಹನಿಗಳಿವೆ.

ನನಗೆ ತೀರಾ ಇಷ್ಟವಾದ ಪ್ರಯೋಗ ಬರ್ಲಿನ್ನಿನದು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾದ ಮಕ್ಕಳು ಊರ ತುಂಬ. ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯ ಅಂಥ ಮಕ್ಕಳಿಗೆ ಪಾದರಸದ ದೀಪದ ನೇರಳಾತೀತ ಬೆಳಕು ಕೊಟ್ಟ, ಮೂಳೆ ಗಟ್ಟಿಯಾಯಿತು. 1919ರಲ್ಲಿ ಅದನ್ನು ಪ್ರಕಟಿಸಿದ. ಒಂದೇ ತೋಳಿಗೆ ಬೆಳಕು ಬಿಟ್ಟು ಎಕ್ಸ್‌ರೇ ತೆಗೆದರೆ ಬೆಳಕೇ ಕಾಣದ ಇನ್ನೊಂದು ತೋಳಿನ ಮೂಳೆಯೂ ವಾಸಿಯಾಗಿತ್ತು. ಅಂದರೆ ಚರ್ಮದಲ್ಲಿ ಹುಟ್ಟಿದ್ದೇನೋ ರಕ್ತದಲ್ಲಿ ಊರೆಲ್ಲ ಸುತ್ತುತ್ತಿದೆ! ಹಾರ್ಮೋನಿನ ನಡತೆ ಇದು. ಆದರೆ 1922ರಲ್ಲಿ ಅಮೆರಿಕದ ವಿಜ್ಞಾನಿ ಮೆಕಾಲಮ್ ಇದನ್ನೇ ಕಾಡ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಗುರುತಿಸಿದಾಗ ಎ, ಬಿ, ಸಿ ಅಕ್ಷರಗಳು ಖರ್ಚಾಗಿದ್ದವು. ಡಿ ಎಂದು ಹೆಸರಾಯಿತು, ‘ವಿಟಮಿನ್’ ಹಣೆಪಟ್ಟಿಯೂ ಉಳಿದುಹೋಯಿತು.

ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ರೂಪ ಬದಲಿಸಿಕೊಂಡ ಮೇಲೆ ಅದು ಕರುಳಿಗೆ ಬಂದು ಕ್ಯಾಲ್ಸಿಯಂ ದಾಟಿಸುವ ಅಂಬಿಗರನ್ನು ಹುಟ್ಟಿಸುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ನಾವು ಬೀಗುತ್ತೇವೆ. ಅಂಬಿಗನಿಲ್ಲದಿದ್ದರೆ ಊಟದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 10-15 ಪಾಲು ಮಾತ್ರ ದಡ ಸೇರೀತು, ಇದ್ದರೆ 30-40.

ಇನ್ನು 60,000 ಯೂನಿಟ್ಟಿನ ಪುಡಿ ಪೊಟ್ಟಣ. ಕೊರತೆ ಇದ್ದವರಿಗೆ ಡಾಕ್ಟರು ಸಾಮಾನ್ಯವಾಗಿ ವಾರಕ್ಕೊಂದು ಬರೆಯುತ್ತಾರೆ. ನನ್ನ ಚಿಕ್ಕಮ್ಮ ದಿನಕ್ಕೊಂದರಂತೆ ಹಾಲಿಗೆ ಬೆರೆಸಿ ಕುಡಿಯಲು ಶುರುಮಾಡಿದ್ದರು, ‘ಬಿಸಿಲಿನ ಸತ್ವ ತಾನೇ, ಹೆಚ್ಚಾದರೇನು?’ ಅಂತ. ಬಿಸಿಲು ಹೆಚ್ಚಾದರೆ ಚರ್ಮವೇ ಮಿಕ್ಕಿದ್ದನ್ನು ನಿರುಪಯೋಗಿ ಅಣುಗಳಾಗಿ ಮಾಡಿ ಬದಿಗಿಡುತ್ತದೆ. ಬಾಯಿಂದ ಹೋದದ್ದಕ್ಕೆ ಆ ಕಾವಲಿಲ್ಲ. ಅದು ಕೊಬ್ಬಿನಲ್ಲಿ ಕೂತುಕೊಳ್ಳುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕೊನೆಗೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ‘ಸರ್ವರೋಗಕ್ಕೂ ಡಿ’ ಎನ್ನುವವರಿಗೂ ಒಂದು ಮಾತು: ಅಮೆರಿಕದ ‘ವೈಟಲ್’ ಪ್ರಯೋಗದಲ್ಲಿ 25,871 ಜನರಲ್ಲಿ ಅರ್ಧದಷ್ಟು ಮಂದಿ ದಿನಕ್ಕೆ 2,000 ಯೂನಿಟ್ ವರ್ಷಗಟ್ಟಲೆ ನುಂಗಿದರು. ಕ್ಯಾನ್ಸರ್ ಬರುವುದಾಗಲೀ ಹೃದಯಾಘಾತವಾಗಲೀ ಕಡಿಮೆಯಾಗಲಿಲ್ಲ.

ನಮ್ಮಜ್ಜಿಗೂ ಎಳೆಬಿಸಿಲಿನ ಮೇಲೆ ಅಪಾರ ಭಕ್ತಿ. ಆದರೆ ಬೇಸಿಗೆಯಲ್ಲಿ ಆಕೆ ಹನ್ನೊಂದು ಗಂಟೆಗೆ ಮಾಳಿಗೆ ಹತ್ತಿ, ಹಳೇ ಸೀರೆ ಹಾಸಿ ಹಪ್ಪಳ ಒಣಹಾಕುತ್ತಿದ್ದಳು. ಕೈಯಲ್ಲೊಂದು ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತರೆ, ಅವಳ ನೆರಳು ಹಾಸಿದ ಸೀರೆಯ ಅಂಚಿನವರೆಗೂ ತಲುಪುತ್ತಿರಲಿಲ್ಲ.