ಓಸ್ಲೋ ಫ್ಯೋರ್ಡ್‌ನ ಹಕ್ಕಿ ದ್ವೀಪಗಳು: ಜುಲೈ 15ರ ಲೆಕ್ಕ

ನಾರ್ವೆಯಲ್ಲಿ ನೆಲದೊಳಗೆ ಉದ್ದಕ್ಕೆ ಚಾಚಿದ ಕಡಲ ತೋಳಾದ ಓಸ್ಲೋ ಫ್ಯೋರ್ಡ್‌ನಲ್ಲಿ ಕಡಲಹಕ್ಕಿಗಳಿಗೆ ಮೀಸಲಾದ ದ್ವೀಪಗಳಿಗೆ ಏಪ್ರಿಲ್ 15ರಿಂದ ಜುಲೈ 15ರವರೆಗೆ ಕಾಲಿಡುವಂತಿಲ್ಲ. ದಡದಿಂದ 50 ಮೀಟರ್ ನೀರೂ ನಿಷೇಧದೊಳಗೇ ಬರುತ್ತದೆ. ಇದು ಸುಲಭವಾಗಿ ನೆನಪಿರುತ್ತದೆ. ತೊಡಕಾಗುವುದು ಕೊನೆಯ ದಿನಾಂಕ: ಜುಲೈ ನಡುವಿನವರೆಗೆ ಯಾಕೆ?

ಇಲ್ಲಿ ಗೂಡು ಕಟ್ಟುವ ಈಡರ್ ಎಂಬ ಕಡಲ ಬಾತನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ತಾಳೆಯಾಗುವುದಿಲ್ಲ. ಮೊಟ್ಟೆ 4ರಿಂದ 6, ಕಾವು ಸುಮಾರು 25 ದಿನ. ಮರಿಗಳು ಮೈ ಒಣಗುತ್ತಲೇ ತಾಯಿಯ ಹಿಂದೆ ನೀರಿಗಿಳಿಯುತ್ತವೆ. ಮೇ ಮೊದಲ ವಾರ ಕಾವಿಗೆ ಕೂತರೆ ಜೂನ್ ಮೊದಲಿಗೆ ಗೂಡು ಖಾಲಿ.

ಈಗ ಕಾಮನ್ ಟರ್ನ್ ಹಕ್ಕಿಯನ್ನು ತೆಗೆದುಕೊಳ್ಳಿ. ಮೇ 25ಕ್ಕೆ ಕಾವು ಶುರು ಎನ್ನೋಣ. 22 ದಿನ ಕೂಡಿಸಿದರೆ ಜೂನ್ 16, ಮರಿ ಹೊರಬಂತು. ಎಣಿಕೆ ಇಲ್ಲಿ ನಿಲ್ಲಿಸಬಾರದು. ಟರ್ನ್ ಮರಿ ಹಾರಲು ಕಲಿಯುವವರೆಗೆ ನೆಲದ ಮೇಲೇ ಇರುತ್ತದೆ, ಅಪಾಯ ಕಂಡರೆ ಕಲ್ಲು ಹುಲ್ಲಿನ ನಡುವೆ ಅಲುಗದೆ ಕೂರುತ್ತದೆ. ಬಣ್ಣವೂ ಕಲ್ಲಿನದೇ, ಕಾಲಡಿ ಬಂದರೂ ಕಾಣದು. ರೆಕ್ಕೆ ಬಲಿಯಲು ಸುಮಾರು 4 ವಾರ: ಜುಲೈ 14. ಮೊದಲ ಮೊಟ್ಟೆಗಳು ಹಾಳಾಗಿ ಮತ್ತೆ ಇಟ್ಟ ಜೋಡಿಗೆ ಜುಲೈ 15 ಕೂಡ ಸಾಲದು. ಹಾಗಾಗಿ ಆಮೇಲೂ ತಲೆ ಮೇಲೆ ಟರ್ನ್‌ಗಳು ಕೂಗುತ್ತಾ ಎರಗಿದರೆ ಅಲ್ಲಿಂದ ಹಿಂದೆ ಸರಿಯುವುದೇ ಸರಿ.

50 ಮೀಟರ್‌ಗೆ ಕಾರಣ ಈಡರ್ ಗೂಡಿನಲ್ಲೇ ಸಿಗುತ್ತದೆ. ಹೆಣ್ಣು ತಾನಾಗಿ ಎದ್ದರೆ ಮೊಟ್ಟೆಗಳ ಮೇಲೆ ತನ್ನದೇ ನವಿರು ಪುಕ್ಕ ಎಳೆದು ಮುಚ್ಚಿ ಹೋಗುತ್ತದೆ. ಬೆದರಿ ಹಾರಿದರೆ ಮುಚ್ಚಲು ಸಮಯವಿಲ್ಲ. ಗಲ್ ಹಕ್ಕಿಗಳು ಮೊಟ್ಟೆ ಎತ್ತಲು ಕೆಲವೇ ನಿಮಿಷ ಸಾಕು. ಹುಟ್ಟು ಹಾಕಿ ಸಾಗುವ ಸದ್ದಿಲ್ಲದ ಕಿರುದೋಣಿ ಕಯಾಕ್ ತೀರಾ ಹತ್ತಿರ ಬಂದಮೇಲೆ ಕಾಣುವುದರಿಂದ ಅದೂ ಕಡಿಮೆ ಅಪಾಯವಲ್ಲ.

ಗಿಡಗಳ ರಕ್ಷಣೆ ಬೇರೆ, ಅದು ವರ್ಷಪೂರ್ತಿ. ಒಳ ಫ್ಯೋರ್ಡ್‌ನ ಬ್ಲೈಕೋಯಾದಂಥ ಸುಣ್ಣಕಲ್ಲಿನ ದ್ವೀಪಗಳ ತೆಳು ಮಣ್ಣಿನಲ್ಲಿ ಡ್ರಾಗೆಹೂಡೆ ಬೆಳೆಯುತ್ತದೆ: ತುಳಸಿಯ ಕುಟುಂಬದ, ನೀಲಿ-ನೇರಳೆ ಹೂವಿನ ಗಿಡ. ಇದನ್ನು ಸುಮ್ಮನೆ ಬಿಟ್ಟರೆ ಉಳಿಯದು. ಪೊದೆ, ಅದರಲ್ಲೂ ತೋಟದಿಂದ ತಪ್ಪಿಸಿಕೊಂಡ ಲೈಲಾಕ್, ಬಿಸಿಲು ಮುಚ್ಚುತ್ತದೆ. ಪೊದೆ ಕಡಿಯಬೇಕು, ಹುಲ್ಲು ಕೊಯ್ಯಬೇಕು. ಅದೂ ಹಕ್ಕಿ ಮರಿ ಮಾಡಿ, ಗಿಡ ಬೀಜ ಉದುರಿಸಿದ ಮೇಲೆ. ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟರೆ ಕೊಳೆತು ಗೊಬ್ಬರವಾಗಿ ಒರಟು ಹುಲ್ಲು ಹೆಚ್ಚುತ್ತದೆ, ಆದ್ದರಿಂದ ಗುಡಿಸಿ ಹೊರಗೆ ಸಾಗಿಸಬೇಕು.