ಕೀಟದ ರಕ್ತ ಹೆಪ್ಪುಗಟ್ಟುವುದು ಹೇಗೆ? ಎರಡು ದಾರಿ ಹಿಡಿದ ಒಂದು ಪ್ರಶ್ನೆ

ಜಿರಳೆಯ ಕಾಲು ಮುರಿದರೂ ಅದು ರಕ್ತ ಸೋರಿ ಸಾಯುವುದು ಕಡಿಮೆ. ಕೀಟಗಳಿಗೆ ನಮ್ಮಂತೆ ರಕ್ತನಾಳಗಳ ಜಾಲವಿಲ್ಲ. ಬೆನ್ನಿನುದ್ದಕ್ಕೂ ಇರುವ ಒಂದು ನಾಳ ಮಿಡಿಯುತ್ತದೆ, ಹೀಮೋಲಿಂಫ್ ಎಂಬ ದ್ರವ ಅಂಗಗಳನ್ನು ನೇರವಾಗಿ ತೋಯಿಸುತ್ತ ಹರಿಯುತ್ತದೆ. ಆಮ್ಲಜನಕದ ಸಾಗಾಣಿಕೆಗೆ ಬೇರೆಯೇ ಕೊಳವೆಗಳಿರುವುದರಿಂದ ಆ ದ್ರವ ಕೆಂಪಗಿರಬೇಕಾದ ಅಗತ್ಯವೂ ಇಲ್ಲ. ಇಂಥ ದೇಹದ ಹೊರಕವಚ ಎಲ್ಲಿ ಹರಿದರೂ ಅಪಾಯ ಎರಡು: ದ್ರವ ಹೊರಗೆ ಹೋಗುತ್ತದೆ, ಬ್ಯಾಕ್ಟೀರಿಯಾ ಒಳಗೆ ಬರುತ್ತದೆ. ಕೀಟ ಎರಡಕ್ಕೂ ಒಂದೇ ಹೆಪ್ಪನ್ನು ನೆಚ್ಚಿಕೊಂಡಿದೆ. ಸಂಶೋಧನೆಯಲ್ಲಿ ಮಾತ್ರ ಹೆಪ್ಪು ಮತ್ತು ರೋಗರಕ್ಷಣೆ ಎಂಬ ಈ ಎರಡು ವಿಷಯಗಳು ಬಹುಕಾಲ ಒಂದರ ಮುಖ ಒಂದು ನೋಡಲಿಲ್ಲ.

ಬೆಲ್ಜಿಯಂನ ಚಾರ್ಲ್ಸ್ ಗ್ರೆಗ್ವಾರ್ 1950ರ ದಶಕದಿಂದ ನೂರಾರು ಜಾತಿಯ ಕೀಟಗಳ ಹೀಮೋಲಿಂಫ್ ಹನಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಹೆಪ್ಪುಗಟ್ಟುವ ಬಗೆಗಳನ್ನು ನಾಲ್ಕಾಗಿ ವಿಂಗಡಿಸಿದರು. ಕೆಲವು ರಕ್ತಕಣಗಳು ಒಡೆದು ಸುತ್ತಲಿನ ದ್ರವವನ್ನು ಗಟ್ಟಿಯಾಗಿಸುವುದನ್ನು ಅವರು ಕಂಡಿದ್ದರು. 1956ರಲ್ಲಿ ಫ್ರೆಡರಿಕ್ ಬ್ಯಾಂಗ್, ಬ್ಯಾಕ್ಟೀರಿಯಾ ಸೋಂಕಿದರೆ ಕುದುರೆಲಾಳ ಏಡಿಯ ರಕ್ತ ಹೆಪ್ಪುಗಟ್ಟುತ್ತದೆ ಎಂದು ವರದಿ ಮಾಡಿದರು. ಅದು ಕೀಟವಲ್ಲ ನಿಜ, ಆದರೆ ಹೆಪ್ಪು ಮತ್ತು ರೋಗರಕ್ಷಣೆ ಒಂದೇ ಕೆಲಸದ ಎರಡು ಮುಖ ಎನ್ನಲು ಅದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟವಿತ್ತು. ಆ ಸುಳಿವು ಲಸಿಕೆ, ಔಷಧಗಳ ಶುದ್ಧತೆ ಪರೀಕ್ಷಿಸುವ ವಿಧಾನವಾಗಿ ಬೆಳೆಯಿತು. ಕೀಟಶಾಸ್ತ್ರಕ್ಕೆ ಅದರಿಂದ ದಕ್ಕಿದ್ದು ಕಡಿಮೆ. ಆಮೇಲೆ ಎಲ್ಲರ ಗಮನ ರೋಗರಕ್ಷಣೆಯ ಕಡೆ ಹೊರಳಿತು: ಕೀಟಗಳಲ್ಲಿ ಸೂಕ್ಷ್ಮಾಣು ಕೊಲ್ಲುವ ಸೆಕ್ರೋಪಿನ್‌ಗಳೆಂಬ ಸಣ್ಣ ಪ್ರೊಟೀನುಗಳು ಸಿಕ್ಕವು, 1996ರಲ್ಲಿ ರೋಗರಕ್ಷಣೆಯಲ್ಲಿ ಹಣ್ಣುನೊಣದ ಟೋಲ್ ಜೀನಿನ ಪಾತ್ರ ತಿಳಿಯಿತು, 2011ರಲ್ಲಿ ನೊಬೆಲ್ ಕೂಡ ಆ ಕಡೆಗೇ ಹೋಯಿತು. ಹೆಪ್ಪು ಬರಿಯ ಸೋರಿಕೆ ಮುಚ್ಚುವ ಕೆಲಸವೆಂದು ಬದಿಗೆ ಸರಿಯಿತು.

ಚಿತ್ರ ಬದಲಾದದ್ದು ಹಣ್ಣುನೊಣದ ಮರಿಹುಳುವಿನಿಂದ. ಇದರ ದೇಹ ಅಕ್ಕಿಕಾಳಿಗಿಂತ ಚಿಕ್ಕದು. ಚುಚ್ಚಿ ತೆಗೆದ ಹನಿಯಿಂದ ಸೂಜಿಯ ತುದಿಯನ್ನು ಮೆಲ್ಲಗೆ ಎಳೆದರೆ ನೂಲಿನಂಥ ಎಳೆಗಳು ಎದ್ದು ಬರುತ್ತವೆ. ಹೆಪ್ಪು ಮೂಡಿದೆಯೇ ಎಂಬುದಕ್ಕೆ ಅದೇ ಗುರುತು. ಆದರೆ ಇಷ್ಟು ಸಣ್ಣ ಹನಿಯಲ್ಲಿ ಯಾವ ಪ್ರೊಟೀನುಗಳಿವೆ ಎಂದು ಹುಡುಕುವುದು ಹೇಗೆ? ಸ್ಟಾಕ್‌ಹೋಮ್‌ನ ಉಲ್ರಿಶ್ ಥಿಯೋಪೋಲ್ಡ್ ತಂಡ 2004ರಲ್ಲಿ ಕಂಡುಕೊಂಡ ಉಪಾಯ ಸರಳ: ಹೀಮೋಲಿಂಫ್‌ಗೆ ಸಣ್ಣ ಮಣಿಗಳನ್ನು ಬೆರೆಸುವುದು, ಹೆಪ್ಪಿನ ಪ್ರೊಟೀನುಗಳು ಅವುಗಳಿಗೆ ಅಂಟಿಕೊಂಡ ಮೇಲೆ ಮಣಿಗಳ ಸಮೇತ ಹೊರತೆಗೆಯುವುದು. ಸಿಕ್ಕವುಗಳಲ್ಲಿ ಹೀಮೊಲೆಕ್ಟಿನ್ ಮುಖ್ಯವಾದದ್ದು. ಅದರ ಕೆಲವು ಭಾಗಗಳು ಮನುಷ್ಯರ ರಕ್ತ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಪ್ರೊಟೀನನ್ನು ಹೋಲುತ್ತವೆ. ನಮ್ಮ ಹೆಪ್ಪಿನ ಜೀವಾಳವಾದ ಫೈಬ್ರಿನೋಜನ್ನಿನ ಕೆಲಸವನ್ನು ಇಲ್ಲಿ ಬೇರೆ ಪ್ರೊಟೀನುಗಳು ಹೊತ್ತಿವೆ.

ಹೆಪ್ಪು ಕಟ್ಟುವುದು ಎರಡು ಹಂತಗಳಲ್ಲಿ ಎಂಬುದೂ ಆಗ ಸ್ಪಷ್ಟವಾಯಿತು. ಮೊದಲು ಮೆತ್ತನೆಯ ಜಾಲ. ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅದರ ಪ್ರೊಟೀನುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಆಮೇಲೆ ಸ್ಫಟಿಕ ಕಣಗಳೆಂಬ ರಕ್ತಕಣಗಳು ಒಡೆದು ಫೀನಾಲ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವನ್ನು ಬಿಡುಗಡೆ ಮಾಡುತ್ತವೆ, ಗಾಯ ಗಡುಸಾಗಿ ಕಪ್ಪಾಗುತ್ತದೆ. ಕಪ್ಪು ಬಣ್ಣ ಕಾಣುವುದಕ್ಕೂ ಮೊದಲೇ ಹೆಪ್ಪು ಸಿದ್ಧವಾಗಿರುತ್ತದೆ. ಆ ಬಣ್ಣವನ್ನೇ ಹೆಪ್ಪೆಂದು ಎಣಿಸುವುದು ಈಗಲೂ ನಡೆದಿದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿದಿತ್ತು. ಹೀಮೊಲೆಕ್ಟಿನ್ ಕೊರತೆಯಿರುವ ಮರಿಹುಳುಗಳಿಗೆ ರಕ್ತ ಹೆಚ್ಚು ಸೋರುತ್ತದೆ, ಆದರೆ ಬಹುಪಾಲು ಬದುಕಿಕೊಳ್ಳುತ್ತವೆ. ಹಾಗಿದ್ದರೆ ಹೆಪ್ಪಿಗೆ ರೋಗರಕ್ಷಣೆಯಲ್ಲಿ ಎಷ್ಟು ಪಾಲು? ಸೂಜಿಯಿಂದ ಬ್ಯಾಕ್ಟೀರಿಯಾವನ್ನು ನೇರ ಒಳಸೇರಿಸುವ ಪ್ರಯೋಗಗಳಿಂದ ಇದಕ್ಕೆ ಉತ್ತರ ಬರುವುದು ಕಷ್ಟ, ಏಕೆಂದರೆ ಸೂಜಿ ಹೆಪ್ಪಿನ ಕಾವಲನ್ನೇ ದಾಟಿಸಿಬಿಡುತ್ತದೆ. ಸಹಜ ಸೋಂಕು ಬರುವುದು ಹಾಗಲ್ಲ. ಕೀಟಗಳ ದೇಹ ಹೊಕ್ಕು ಬ್ಯಾಕ್ಟೀರಿಯಾ ಬಿಡುವ ದುಂಡುಹುಳುಗಳನ್ನು ಬಳಸಿ 2010ರಲ್ಲಿ ಪರೀಕ್ಷಿಸಿದಾಗ, ಟ್ರಾನ್ಸ್‌ಗ್ಲುಟಮಿನೇಸ್ ಕಡಿಮೆಯಿದ್ದ ಮರಿಹುಳುಗಳು ಹೆಚ್ಚಾಗಿ ಸತ್ತವು. ಆ ಕಿಣ್ವ ಬ್ಯಾಕ್ಟೀರಿಯಾಗಳನ್ನು ಹೆಪ್ಪಿಗೆ ಹೊಲಿದುಬಿಡುತ್ತಿತ್ತು. ಮನುಷ್ಯರ ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೊಟೀನುಗಳಲ್ಲಿ ಹದಿಮೂರನೇ ಅಂಶ ಎಂದು ಕರೆಯುವುದೂ ಇದೇ ಕಿಣ್ವದ ಕುಟುಂಬದ್ದು. ಅದೂ ಇದನ್ನೇ ಮಾಡುತ್ತದೆ ಎಂದು ಅದೇ ಅಧ್ಯಯನ ಹೇಳಿತು.